ಪಾಳು ಎಂದು ಬರೆಯದ ಆಫೀಸರರು

ಮೊನ್ನೆ ಕಪಾಟು ಒರೆಸುವಾಗ ಹಳೆಯ ಪುಸ್ತಕವೊಂದರಿಂದ ಕಾರ್ಬನ್ ಹಾಳೆ ಜಾರಿ ಬಿತ್ತು. ಅದರ ಎಣ್ಣೆವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಆಫೀಸರರು ನೆನಪಾದರು. ಜತೆಗೆ ಹಳೆಯ ಸಿಟ್ಟೂ...

ಎಪ್ಪತ್ತರ ದಶಕದ ಕೊನೆ. ಕೊಟ್ಟಾರದ ಸಣ್ಣ ಸರಕಾರಿ ಕಚೇರಿಯೊಂದರಲ್ಲಿ ನಾನು ಟೈಪಿಸ್ಟ್. ಆಫೀಸರರಿಗೆ ಮಣ್ಣು, ನೀರು, ಹುಲ್ಲು ಬಿಟ್ಟರೆ ಬೇರೆ ಮಾತಿಲ್ಲ. ಪಡೀಲಿನ ಮೇಲೊಂದು ಪದವು, ಗುಡ್ಡದ ನೆತ್ತಿಯ ಕೆಂಪು ಮುರಕಲ್ಲಿನ ಬಯಲು, ಅವರ ತಲೆ ತಿನ್ನುತ್ತಿತ್ತು. ಅವರು ನನ್ನ ತಲೆ ತಿನ್ನುತ್ತಿದ್ದರು. ಮೇಲಿನ ಕಚೇರಿಯ ಫಾರಮಿನಲ್ಲಿ ಅದು 'ಪಾಳು ಭೂಮಿ'. ಇವರು ಅದನ್ನು ಹೊಡೆದುಹಾಕಿ 'ಹುಲ್ಲುಗಾವಲು' ಎಂದು ಟೈಪ್ ಮಾಡಿಸುವರು. ಫೈಲು ವಾಪಸು. ಪುನಃ ಐದು ಪ್ರತಿ. ಪುನಃ ವಾಪಸು.

"ಒಂದು ಶಬ್ದ ಅಲ್ವಾ ಸರ್?" ಎಂದೆ ಒಮ್ಮೆ, ತಡೆಯಲಾರದೆ.

"ಪಾಳು ಅಂತ ಬರೆದರೆ ಯಾರು ಬೇಕಾದರೂ ಬಂದು ಅಗೆಯಬಹುದು. ನೀವು ಟೈಪ್ ಮಾಡಿ."

ಪದವಿನಲ್ಲಿ ಇಳಿಜಾರಿಗೆ ಅಡ್ಡವಾಗಿ ಇಂಗುಗುಂಡಿ ತೆಗೆಸಿದರು. ಎರಡು ಮಳೆಗಾಲ ದನ ಬಿಡಬೇಡಿ, ಹುಲ್ಲು ಕೊಯ್ದು ಕೊಂಡುಹೋಗಿ ಎಂದರು. ನೋಟ್ಸ್ ಬರೆಯಲು ನನ್ನನ್ನೂ ಜೀಪಿನಲ್ಲಿ ಕರೆದೊಯ್ದ ದಿನ ದನ ಸಾಕುವ ಹೆಂಗಸೊಬ್ಬರು ಅಡ್ಡ ನಿಂತರು.

"ನನ್ನ ದನಗಳು ಎಂತ ತಿನ್ನುವುದು? ನಿಮ್ಮ ಫೈಲಾ?"

ಆಫೀಸರರು ಅವರ ಕೈಯಿಂದಲೇ ಕತ್ತಿ ಇಸಕೊಂಡು ಮಧ್ಯಾಹ್ನದವರೆಗೆ ಹುಲ್ಲು ಕೊಯ್ದು, ಹೊರೆ ತಲೆಯ ಮೇಲಿಟ್ಟು ಹಟ್ಟಿಗೆ ಮುಟ್ಟಿಸಿದರು. ನಾನು ಜೀಪಿನಲ್ಲಿ ಹಸಿದು, ಬೆವತು, ಕುದಿಯುತ್ತಿದ್ದೆ.

ಮೂರನೆಯ ಬೇಸಿಗೆಯಲ್ಲಿ ಅದೇ ಹೆಂಗಸು ಕಚೇರಿಗೆ ಬಂದರು. "ಮೇ ತಿಂಗಳು, ಗುಡ್ಡದ ಕೆಳಗಿನ ನಮ್ಮ ಬಾವಿಯಲ್ಲಿ ಇನ್ನೂ ನೀರುಂಟು! ಬಂದು ನೋಡಿ ಮಾರಾಯ್ರೆ." ಆಫೀಸರರು ಊಟದ ಡಬ್ಬಿಯನ್ನೂ ಮರೆತು ಓಡಿದರು.

ಆ ಮಳೆಗಾಲ ಅವರಿಗೆ ಕಾಮಾಲೆಯಾಯಿತು. ರಜೆಯಲ್ಲಿದ್ದಾಗ ಫೈಲು ಮತ್ತೆ ವಾಪಸು ಬಂತು. ನನಗೆ ಸಾಕಾಗಿ ಹೋಗಿತ್ತು. 'ಪಾಳು ಭೂಮಿ' ಎಂದು ಟೈಪ್ ಮಾಡಿದೆ. ಪ್ರಭಾರದಲ್ಲಿದ್ದವರು ಓದದೆ ಸಹಿ ಹಾಕಿದರು. ಫೈಲು ತಿರುಗಿ ಬರಲಿಲ್ಲ. ಕೆಲವೇ ತಿಂಗಳಲ್ಲಿ ಕೆಂಪುಕಲ್ಲು ಕಡಿಯುವವರು ಬಂದರು. ಹುಲ್ಲೂ ಇಲ್ಲ, ಗುಂಡಿಗಳೂ ಇಲ್ಲ. ಮುಂದಿನ ಬೇಸಿಗೆಗೆ ಕೆಳಗಿನ ಬಾವಿಯ ತಳ ಕಂಡಿತು.

ಕಲ್ಲು ಕಡಿಯುವವರು ಬಂದ ವಾರವೇ ಆಫೀಸರರು ಆ ಫೈಲಿನ ಕಾರ್ಬನ್ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದ್ದರು, "ನೀವು ಟೈಪ್ ಮಾಡಿದ್ದಾ?"

"ಹೌದು ಸರ್."

ಬೈಯಲಿ ಎಂದು ಕಾದೆ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹೇಳಿದರು, "ಬಜಪೆ ಕಡೆ ಇನ್ನೊಂದು ಪದವು ಉಂಟು. ಹಾಳೆ ಹಾಕಿ."

ಎಂತಹ ಮನುಷ್ಯ! ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಿವೃತ್ತಿಯವರೆಗೂ ಹೀಗೇ ಪದವಿನಿಂದ ಪದವಿಗೆ ಅಲೆದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ವರ್ಷವೇ ಕಳೆದಿತ್ತು.

ಈಗ ನಾನಿರುವುದು ಪಡೀಲಿನ ಅದೇ ಗುಡ್ಡದ ಬುಡದ ಫ್ಲ್ಯಾಟಿನಲ್ಲಿ. ಬೇಸಿಗೆಯಲ್ಲಿ ಟ್ಯಾಂಕರ್ ಬರಬೇಕು. ಇಲ್ಲಿ ಮೊದಲಿನಿಂದಲೂ ನೀರಿಲ್ಲ ಎನ್ನುತ್ತಾರೆ ನೆರೆಯವರು. ಇತ್ತು ಎಂದು ಹೇಳಲು ನಾನೊಬ್ಬಳು ಉಳಿದಿದ್ದೇನೆ. ಹೇಳಿದರೆ, ಹೋದದ್ದು ಹೇಗೆ ಎಂದೂ ಹೇಳಬೇಕಾಗುತ್ತದೆ.