ಅಜ್ಜಿ ಒರೆಸದ ಹಿಡಿಕೆ

ಇವತ್ತು ಸೋದರತ್ತೆಯ ಹಳೇ ಚರ್ಮದ ಬ್ಯಾಗಿಗೆ ಔಡಲೆಣ್ಣೆ ತಿಕ್ಕುತ್ತಿದ್ದೆ. ಆ ವಾಸನೆಗೆ ಬಾಗೇವಾಡಿಯ ನಮ್ಮ ಪಡಸಾಲೆ ಕಣ್ಣಮುಂದೆ ಬಂತು.

ಅತ್ತೆ ಪಕ್ಕದ ಮಸೂತಿ ಎಂಬ ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದಳು. ಜ್ವರ ಬಂದು ಅವಳು ತೀರಿದ ಮೇಲೆ ಅಜ್ಜಿ ಪ್ರತಿ ಸೋಮವಾರ ಆ ಬ್ಯಾಗು ಒರೆಸಿ ಎಣ್ಣೆ ಹಚ್ಚುತ್ತಿದ್ದಳು. ಕೈಬೆವರಿನಿಂದ ಕಪ್ಪಾಗಿದ್ದ ಹಿಡಿಕೆಯನ್ನು ಮಾತ್ರ ಒರೆಸುತ್ತಿರಲಿಲ್ಲ. ಓದಿನಲ್ಲಿ ಸೊನ್ನೆಯಾದ ನಾನು ಕೆಲಸದಲ್ಲಾದರೂ ಶಾಣ್ಯಾ ಅನಿಸಿಕೊಳ್ಳೋಣವೆಂದು, ಒಂದು ದಿನ ಸಾಬೂನು ಹಚ್ಚಿ ಆ ಕಪ್ಪನ್ನೆಲ್ಲ ತಿಕ್ಕಿ ತೆಗೆದೆ.

“ಆಯಿ, ಇಲ್ಲೆ ನೋಡ, ಹೊಸಾದಾಗೇತಿ!”

ಅಜ್ಜಿ ಹಿಡಿಕೆ ಸವರಿದಳು. “ಅದು ಹೊಲಸಲ್ಲೋ ಮಂಗ್ಯಾ, ನನ್ನ ಮಗಳ ಕೈ ಗುರ್ತು. ಅದೊಂದ ಉಳದಿತ್ತು.”

ಅಂದಿನಿಂದ ಸಾಯುವತನಕ ಅಜ್ಜಿ ದಿನಾ ಸಂಜೆ ಆ ಹಿಡಿಕೆ ಹಿಡಿದು ಕೂರುತ್ತಿದ್ದಳು.

ಈಗ ಅಲ್ಲಿ ಮತ್ತೆ ಕಪ್ಪು ಕಟ್ಟಿದೆ.

“ಅದನ್ನೂ ತಿಕ್ಕರಿ,” ಎಂದಳು ಹೆಂಡತಿ.

“ಬ್ಯಾಡ ಬಿಡ. ಆಯಿ ಇನ್ನೂ ಹಿಡಕೊಂಡ ಕುಂತಾಳ.”