ಆಟಕ್ಕೆ ಬೆನ್ನು ಮಾಡಿ ಕೂತವಳು

ಹೋದ ತಿಂಗಳು ಅವ್ವ ತೀರಿಕೊಂಡಳು. ಅವಳ ಬಗ್ಗೆ ಬರೆಯಲು ಕೂತರೆ, ಅಪ್ಪ ಸತ್ತ ವರ್ಷದ ಬೇಸಿಗೆಯೇ ಮೊದಲು ನೆನಪಿಗೆ ಬರುತ್ತದೆ. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು.

ಅಪ್ಪ ಬಯಲಾಟದ ಭಾಗವತ. ರಂಗದ ಅಂಚಿನಲ್ಲಿ ನಿಂತು ಹಾಡು ಎತ್ತಿಕೊಡುವುದು, ಒಳಗೆ ಬಂದ ಪಾತ್ರವನ್ನು ಯಾರು ಏನು ಎಂದು ಕೇಳಿ ಜನರನ್ನು ನಗಿಸುವುದು ಅವನ ಕೆಲಸ. ಪ್ರತಿ ಬೇಸಿಗೆ ಅದೇ ಹಳೆಯ ಹಾಡಿನಾಟ. ಅದರ ಹಾಡುಗಳು ಮೂಡಲಗಿ ಕಡೆಯ ದನ ಕಾಯುವವರಿಗೂ ಬಾಯಿಪಾಠ.

ಸಾವಾದ ಮನೆಯವರು ವರ್ಷ ತುಂಬುವ ತನಕ ಆಟ ನೋಡಬಾರದೆಂಬುದು ನಮ್ಮೂರ ಕಟ್ಟಳೆ. ಆದರೆ ಆಟ ಆಡಿಸಲು ಮಟ್ಟಸವಾದ ಜಾಗವೆಂದರೆ ನಮ್ಮ ಕಣ ಒಂದೇ. ಊರ ಹಿರಿಯರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೊದಲು ಅಪ್ಪನನ್ನು ನೆನೆದು ಕಣ್ಣೊರೆಸಿಕೊಂಡರು, ಆಮೇಲೆ ಕಣ ಕೇಳಿದರು. ಜೊತೆಗೆ ಜಮಖಾನೆ, ನೀರಿಗೆ ತಾಮ್ರದ ಹಂಡೆ.

"ಕಣಾನೂ ಸಾವಿನ ಮನೀದ ಐತಲ್ರಿ?" ಎಂದಳು ಅವ್ವ.

"ನೆಲಕ್ಕ ಯಾತರ ದುಃಖ ತಂಗೆವ್ವಾ!" ಎಂದರು ಎಲ್ಲರಿಗಿಂತ ಹಿರಿಯರಾದ ಕಾಕಾ.

"ಹಂಡೇಕ?"

"ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಮುಗೀತು."

"ಹಂಗಾರ ಒಯ್ಯರಿ. ನಾನೂ ಬರತೇನಿ. ಅವರು ಹಾಡತಿದ್ದ ಹಾಡು ಒಮ್ಮಿ ಕೇಳಬೇಕು ನನಗ."

ಹಿರಿಯರು ಅಡಿಕೆ ಜಗಿಯುತ್ತ ಬಹಳ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟರು: "ನೋಡಾಕ ಬರೂದಿಲ್ಲ. ಕೇಳಾಕ ಅಡ್ಡಿಯಿಲ್ಲ. ಆಟಕ್ಕ ಬೆನ್ನ ಮಾಡಿ ಕುಂದ್ರು."

ಅವ್ವ ಆ ತೀರ್ಪನ್ನು ಚಾಚೂ ತಪ್ಪದೆ ಪಾಲಿಸಿದಳು. ನನ್ನನ್ನು ಕರೆದುಕೊಂಡು ರಂಗದ ಮುಂದೆಯೇ, ಅದಕ್ಕೆ ಬೆನ್ನು ಮಾಡಿ ಕೂತಳು. ಎದುರಿಗೆ ಇಡೀ ಊರು. ಮೊದಲ ಸಾಲಿನಲ್ಲಿ ಹಿರಿಯರು.

ಪ್ರಾರ್ಥನೆಯ ಹಾಡು ಮುಗಿಯುವ ಮೊದಲೇ ನಿದ್ದೆ ಹೋಗುತ್ತಿದ್ದ ಕಾಕಾ ಅಂದು ಕಣ್ಣು ಮುಚ್ಚಲಾರದೆ ಒದ್ದಾಡಿದರು. ರಾಣಿಯ ವೇಷದ ಗಂಡಸಿಗೆ ಪ್ರತಿ ವರ್ಷ ಕುಪ್ಪಸದ ಖಣ ಕೊಟ್ಟು ಮೀಸೆ ತಿರುವುತ್ತಿದ್ದ ಮತ್ತೊಬ್ಬ ಹಿರಿಯರು ಅದನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು. ಇನ್ನೊಬ್ಬರಿಗೆ ನಗು ಬಂದೇಬಿಟ್ಟಿತ್ತು. ಅವ್ವನ ಕಣ್ಣಿಗೆ ಬಿದ್ದೊಡನೆ ಅದನ್ನು ಕೆಮ್ಮಾಗಿ ತಿರುಗಿಸಿದರು. ಹಿರಿಯರೇ ನಗದ ಮೇಲೆ ಹಿಂದಿನವರು ನಗುವುದು ಹೇಗೆ? ಯಾರೂ ನಗದಿರುವುದನ್ನು ಕಂಡು ಅಪ್ಪನ ಜಾಗಕ್ಕೆ ಬಂದಿದ್ದ ಭಾಗವತ ತಾಳ ತಪ್ಪಿದ.

ಕೊನೆಗೆ ಕಾಕಾ ಬಗ್ಗಿಕೊಂಡು ಬಂದರು. "ತಂಗೆವ್ವಾ, ಆ ಕಡೆ ತಿರುಗವಾ."

"ನೋಡಬಾರದಂತ ನೀವ ಹೇಳೀರಲ್ರಿ ಕಾಕಾ?"

"ಕಟ್ಟಳಿ ಏನ್ ಕಲ್ಲಾಗ ಕೊರದದ್ದೇನು? ತಿರುಗು, ಪುಣ್ಯಾ ಬರತೈತಿ."

"ಬ್ಯಾಡ್ರಿ. ತಿರುಗಿದ್ರ ಅವರ ಜಾಗಾದಾಗ ಬ್ಯಾರೇದವ್ರು ಕಾಣತಾರ," ಎಂದಳು ಅವ್ವ. "ನೀವು ನಗರಿ. ಅವರ ಮಾತಿಗೆ ನೀವೆಲ್ಲಾ ಹೆಂಗ ನಗತಿದ್ರಿ ಅನ್ನೂದನ್ನ ನಾ ಒಮ್ಮಿನೂ ತಿರುಗಿ ನೋಡಿಲ್ಲ."

ಕಾಕಾ ಬಗ್ಗಿಕೊಂಡೇ ಹೋಗಿ ಕೂತರು. ಮುಂದಿನ ಹಾಸ್ಯಕ್ಕೆ ಮೊದಲ ಸಾಲು ಅಪ್ಪಣೆಯಾದಂತೆ ಒಟ್ಟಿಗೇ ನಕ್ಕಿತು. ಅದರ ಹಿಂದಿನ ಜನ ನಿಜವಾಗಿಯೇ ನಕ್ಕರು. ಅವ್ವ ಆ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತಳು.