ಜೀಪಿಗೆ ಹವಾ ಯಂತ್ರ ಕೂಡಿಸಿದ ವರ್ಷ

ನನ್ನ ಗಂಡ ಸಿಂದಗಿಯಲ್ಲಿ ಒಂದು ಜೀಪು ಇಟ್ಟುಕೊಂಡಿದ್ದರು. ನಾಲ್ಕೂ ಗಾಲಿ ಎಳೆಯುವ ಹಳೆಯ ಡೀಸೆಲ್ ಗಾಡಿ. ಕಾಲುವೆ ಸರ್ವೆಗೆ ಬರುವ ಎಂಜಿನಿಯರುಗಳನ್ನು ದಾರಿ ಇಲ್ಲದ ಕಡೆ ಕರೆದುಕೊಂಡು ಹೋಗುವುದು ಅವರ ಕೆಲಸ. ಆಲಮಟ್ಟಿಯ ನೀರು ಇಂದು ಬಂದೀತು, ನಾಳೆ ಬಂದೀತು ಎಂದು ಎಲ್ಲರೂ ಕಾಯುತ್ತಿದ್ದ ತೊಂಬತ್ತರ ದಶಕ ಅದು. ಒಂದು ವಾರ ಮುದ್ದೇಬಿಹಾಳದ ಕಡೆ ಇದ್ದರೆ ಇನ್ನೊಂದು ವಾರ ಇಂಡಿ ಪಟ್ಟಣದ ಕಡೆ ಇರುತ್ತಿದ್ದರು. ನಾನು ಊರಿನ ಶಾಲೆಯಲ್ಲಿ ಶಿಕ್ಷಕಿ. ಮನೆಯಲ್ಲಿ ಅತ್ತೆ ಮತ್ತು ನಾವಿಬ್ಬರು. ಮಕ್ಕಳಾಗಿರಲಿಲ್ಲ.

ನದಿಯ ಉಸುಕಿನಲ್ಲಿ, ಹಸಿ ಎರೆಹೊಲದಲ್ಲಿ ಗಾಲಿ ಹುಗಿಯದಿರಲೆಂದು ಅವರು ಟಯರಿನ ಹವಾ ಅರ್ಧದಷ್ಟು ಬಿಟ್ಟುಬಿಡುತ್ತಿದ್ದರು. ಟಯರು ಅಗಲವಾಗಿ ಕೂತು ಗಾಡಿ ತೇಲಿದಂತೆ ಮುಂದೆ ಹೋಗುತ್ತಿತ್ತು. ಆದರೆ ಡಾಂಬರು ರಸ್ತೆಗೆ ಬಂದ ಮೇಲೆ ಹಾಗೇ ಓಡಿಸಿದರೆ ಟಯರಿನ ಮಗ್ಗುಲು ಬಿಸಿಯಾಗಿ ಹರಿದುಹೋಗುತ್ತದೆ. ರಸ್ತೆಯ ಬದಿಗೆ ನಿಂತು ಮತ್ತೆ ಹವಾ ತುಂಬಲೇಬೇಕು. ಅವರ ಹತ್ತಿರ ಇದ್ದದ್ದು ಕಾಲಿನಿಂದ ತುಳಿಯುವ ಪಂಪು.

ಒಂದು ಮಧ್ಯಾಹ್ನ ಜೀಪನ್ನು ಎಂಜಿನಿಯರರೇ ಓಡಿಸಿಕೊಂಡು ಬಂದರು. ನನ್ನವರು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮುಖ ಬಿಳುಚಿಕೊಂಡಿತ್ತು.

“ಅಕ್ಕೋರ, ಇವ್ರನ್ನ ದೊಡ್ಡ ಡಾಕ್ಟರಿಗೆ ತೋರಸ್ರಿ,” ಎಂದರು ಎಂಜಿನಿಯರರು. “ಆಲಮೇಲದ ಹಂತೇಕ ಹವಾ ತುಂಬಾಕತ್ತಿದ್ರು. ಪಂಪ್ ತುಳಿಯೂದ ಬಿಟ್ಟು ಅಲ್ಲೇ ನೆಲಕ್ಕ ಕುಂತಬಿಟ್ರು.”

“ಬಿಸಲಿಗೆ ಹಂಗ ಆಗೇತಿ,” ಎಂದು ಇವರು ಕಣ್ಣು ತೆರೆಯದೆ ಹೇಳಿದರು.

ಬಿಸಿಲಿಗೆ ಆಗಿರಲಿಲ್ಲ. ಸೊಲ್ಲಾಪುರದ ಡಾಕ್ಟರು ಎದೆಗೆ ಬಹಳ ಹೊತ್ತು ಕಿವಿಗೊಟ್ಟು, ಚಿಕ್ಕಂದಿನಲ್ಲಿ ಜ್ವರ ಬಂದಿತ್ತೇ, ಕೀಲು ಊದಿದ್ದವೇ ಎಂದು ಕೇಳಿದರು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಗುಳಿಗೆ ತಪ್ಪಿಸಬಾರದು ಎಂದರು. ಗಾಡಿ ನಿಧಾನವಾಗಿ ಓಡಿಸಬಹುದು. ಭಾರ ಎತ್ತುವುದು, ನೂಕುವುದು, ಪಂಪು ತುಳಿಯುವುದು ಕೂಡದು. ಬಸ್ಸಿನಲ್ಲಿ ತಿರುಗಿ ಬರುವಾಗ ಇಂಡಿ ದಾಟಿದ ಮೇಲೆ ಇವರು ನನ್ನ ಕಡೆ ತಿರುಗಿ ನಕ್ಕರು.

“ಪಂಪ್ ತುಳಿಬ್ಯಾಡ ಅಂದ್ರು. ಹವಾ ತುಂಬಬ್ಯಾಡ ಅನ್ನಲಿಲ್ಲಲ್ಲ?”

ಅತ್ತೆಗೆ ವಿಷಯ ಹೇಳಿದಾಗ ಅವರು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟರು. “ಆ ಗಾಡಿ ಮಾರಿ ಒಗಿ ನನ್ನಪ್ಪಾ. ಮನ್ಯಾಗ ಕೂಡು. ಮೂರ ಮಂದಿ ಹೊಟ್ಟಿಗೆ ಆಕಿ ಪಗಾರ ಸಾಕು,” ಎಂದರು. ಇವರು ಅಂಗಳಕ್ಕೆ ಹೋಗಿ ಜೀಪಿನ ಗಾಜು ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದುದನ್ನು ಕಿಟಕಿಯಿಂದ ನೋಡಿ ನನಗೆ ತಿಳಿಯಿತು: ಜೀಪು ಹೋದ ದಿನವೇ ಇವರು ರೋಗಿಯಾಗಿ ಹಾಸಿಗೆ ಹಿಡಿಯುತ್ತಾರೆ. ನಾನು ಹೊರಗೆ ಹೋಗಿ, “ಕಾಲಿಲೆ ತುಳಿಯೂದು ಬಿಟ್ಟು ಹವಾ ತುಂಬಾಕ ಬ್ಯಾರೆ ಏನರ ಅದಾವೇನ್ರಿ?” ಎಂದು ಕೇಳಿದೆ. ಅವರ ಮುಖ ಅರಳಿದ್ದು ಇಂದಿಗೂ ಕಣ್ಣ ಮುಂದಿದೆ.

ಆ ಬೇಸಿಗೆ ರಜೆಯೆಲ್ಲ ನಮ್ಮದು ಅದೇ ಮಾತು. ಮೊದಲು ಯಾರೋ ಹೇಳಿದರೆಂದು ಎಂಜಿನ್ನಿನ ಕಿಡಿ ಪ್ಲಗ್ಗು ಬಿಚ್ಚಿ ಆ ತೂತಿಗೆ ಹಚ್ಚಿ ಒಳಗಿನ ಒತ್ತಡದಿಂದಲೇ ಹವಾ ತುಂಬುವ ಒಂದು ಪೈಪು ತರಿಸಿದರು. ಮನೆಗೆ ತಂದು ಬಾನೆಟ್ ಎತ್ತಿದ ಮೇಲೆ ಹಣೆ ಬಡಿದುಕೊಂಡರು. ಅದು ಪೆಟ್ರೋಲ್ ಗಾಡಿಯದು. ನಮ್ಮ ಡೀಸೆಲ್ ಎಂಜಿನ್ನಿಗೆ ಪ್ಲಗ್ಗೇ ಇರಲಿಲ್ಲ. ಇಬ್ಬರೂ ಅಲ್ಲೇ ನಿಂತು ನಕ್ಕೆವು. ಆಮೇಲೆ ಬ್ಯಾಟರಿಗೆ ಹಚ್ಚುವ ಸಣ್ಣ ಪಂಪು ಬಂತು. ಹಗುರಾಗಿತ್ತು, ಸೀಟಿನ ಕೆಳಗೆ ಕೂಡುತ್ತಿತ್ತು. ನನಗೆ ಅದೇ ಮೆಚ್ಚುಗೆಯಾಗಿತ್ತು. ಆದರೆ ಜೀಪಿನ ದೊಡ್ಡ ಟಯರಿಗೆ ಅದರ ಉಸಿರು ಸಾಲಲಿಲ್ಲ. ಒಂದು ಗಾಲಿ ತುಂಬುವಷ್ಟರಲ್ಲಿ ಮುಟ್ಟಲಾಗದಷ್ಟು ಕಾಯುತ್ತಿತ್ತು. ಅದು ಆರುವವರೆಗೆ ಇವರು ಬಿಸಿಲಿನಲ್ಲಿ ಕಾಯಬೇಕು.

ಟಯರ್ ಅಂಗಡಿಯಿಂದ ಹವಾ ತುಂಬಿಸಿ ತರುವ ಒಂದು ಟಾಕಿಯನ್ನು ಹಿಂದೆ ಕಟ್ಟಿಕೊಂಡೂ ನೋಡಿದರು. ಅದರಿಂದ ಕೆಲಸ ಬೇಗ ಆಗುತ್ತಿತ್ತು. ಆದರೆ ಟಾಕಿ ಒಮ್ಮೆ ಬರಿದಾದರೆ ಊರಿಗೆ ಬಂದೇ ತುಂಬಿಸಬೇಕು. ಒಂದೇ ದಿನ ಎರಡು ಸಲ ಹೊಲಕ್ಕಿಳಿದರೆ ಮುಗಿಯಿತು. ಮೇಲಾಗಿ ಅದನ್ನು ಎತ್ತಿ ಇಳಿಸುವವರು ಯಾರು?

ಕಡೆಗೆ ಬಸವನ ಬಾಗೇವಾಡಿಯ ಒಬ್ಬ ಮಿಸ್ತ್ರಿಯ ಗ್ಯಾರೇಜಿಗೆ ಇಬ್ಬರೂ ಹೋದೆವು. ಗುಜರಿಗೆ ಬಿದ್ದ ಲಾರಿಯೊಂದರ ಬ್ರೇಕಿಗೆ ಹವಾ ಕೊಡುವ ಕಂಪ್ರೆಸರು ಅವರ ಹತ್ತಿರ ಇತ್ತು. ಅದನ್ನು ಜೀಪಿನ ಎಂಜಿನ್ನಿನ ಪಕ್ಕ ಕೂಡಿಸಿ, ರಬ್ಬರ್ ಬೆಲ್ಟಿನ ಪಟ್ಟಾ ಹಾಕಿ ಎಂಜಿನ್ನಿನಿಂದಲೇ ತಿರುಗಿಸಬೇಕೆಂದು ಇವರ ಆಸೆ. ಮಿಸ್ತ್ರಿಗೆ ಮನಸ್ಸಿರಲಿಲ್ಲ.

“ಜಾಗಾ ಸಾಲೂದಿಲ್ರಿ. ಅದಕ್ಕ ಎಣ್ಣಿ ಪೈಪ್ ಬ್ಯಾರೆ ಎಳೀಬೇಕು. ಬ್ಯಾಟರೀದು ಇನ್ನೊಂದು ದೊಡ್ಡದು ತೊಗೊಳ್ರಲ್ಲ?”

“ಬ್ಯಾಟರಿ ಹೊಲದಾಗ ಕೈ ಕೊಟ್ರ ಗಾಡಿನೂ ಚಾಲೂ ಆಗೂದಿಲ್ಲ, ಮಿಸ್ತ್ರಿ. ನೂಕಾಕ ನನ್ನ ಕಡೆ ಆಗೂದಿಲ್ಲ,” ಎಂದರು ಇವರು.

ಮಿಸ್ತ್ರಿ ಇವರ ಮುಖ ನೋಡಿದರು, ನನ್ನ ಮುಖ ನೋಡಿದರು. ಮತ್ತೇನೂ ಕೇಳದೆ ಅಳತೆ ಹಿಡಿದರು. ಮೊದಲು ಕೂಡಿಸಿದ್ದು ಸೊಟ್ಟಗಾಗಿ ಪಟ್ಟಾ ಕಿತ್ತುಕೊಂಡು ಹೋಯಿತು. ಕಂಪ್ರೆಸರನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಯನ್ನು ಬಿಚ್ಚಿ, ಕಾಯಿಸಿ, ಬಡಿದು ಮತ್ತೆ ಕೂಡಿಸಿದರು. ಬೇಕಾದಾಗ ಮಾತ್ರ ಪಟ್ಟಾ ಬಿಗಿಯಾಗಲೆಂದು ಒಂದು ಹಿಡಿಕೆ ಇಟ್ಟರು. ಹವಾ ಹೆಚ್ಚಾದರೆ ತಾನೇ ಬಿಟ್ಟುಕೊಳ್ಳುವ ವಾಲ್ವು, ಸಣ್ಣದೊಂದು ಟಾಕಿ, ಉದ್ದನೆಯ ಪೈಪು ಎಲ್ಲ ಬಂದವು. ಹಿಡಿಕೆ ಎಳೆಯುವುದನ್ನು ಇವರು ನನಗೂ ಕಲಿಸಿದರು.

ಮಳೆ ಬಿದ್ದ ಮೇಲಿನ ಮೊದಲ ಭಾನುವಾರ ಸರ್ವೆಯ ಗೂಟ ನೋಡಿ ಬರಲು ಮೋರಟಗಿಯ ಕಡೆ ಹೊರಟರು. ನಾನೂ ಹೋದೆ. ಹವಾ ಇಳಿಸಿ ಎರೆಹೊಲ ದಾಟಿದೆವು, ಕೆಲಸ ಮುಗಿಸಿ ರಸ್ತೆಗೆ ಬಂದೆವು. ನಾನು ಹಿಡಿಕೆ ಎಳೆದೆ. ಕಂಪ್ರೆಸರು ಟಕಟಕ ಎನ್ನತೊಡಗಿತು. ಪೈಪು ಹಚ್ಚಿದ ಗಾಲಿ ನೋಡುನೋಡುತ್ತಿದ್ದಂತೆ ಮೇಲೆದ್ದು ನಿಂತಿತು. ಅವರು ಮಡ್‌ಗಾರ್ಡಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು.

“ನೋಡು, ನಾ ಏನರ ಮಾಡಿದ್ನೇನು? ಬೇಕಾದ್ರ ಎದಿ ಕೇಳು,” ಎಂದರು.

ಸುತ್ತ ಯಾರೂ ಇರಲಿಲ್ಲ. ಅವರ ಎದೆಗೆ ಕಿವಿಯಿಟ್ಟೆ. ಎಂಜಿನ್ನಿನ ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ.

“ಬರೋಬ್ಬರಿ ಐತ್ರಿ,” ಎಂದೆ.

ಆ ಮಳೆಗಾಲವಿಡೀ ಅವರು ದುಡಿದರು. ಸಂಜೆ ಮನೆಗೆ ಬಂದಾಗ ಮೊದಲಿನಷ್ಟು ದಣಿದಿರುತ್ತಿರಲಿಲ್ಲ. ಅತ್ತೆ ಕೂಡ ಜೀಪಿನ ಮಾತೆತ್ತುವುದನ್ನು ಬಿಟ್ಟರು. ದೀಪಾವಳಿ ಕಳೆದ ಮೇಲೆ ಆಪರೇಷನ್ನಿಗೆ ಕರೆ ಬಂತು. ಸೊಲ್ಲಾಪುರದಲ್ಲಿ ಆಪರೇಷನ್ ಆದ ಮರುದಿನ ಅವರು ಕಣ್ಣು ತೆರೆದರು, ನನ್ನ ಗುರುತು ಹಿಡಿದರು. “ಗಾಡಿ ನಡುನಡುಕ ಚಾಲೂ ಮಾಡಾಕ ಯಾರಿಗರ ಹೇಳು. ನಿಂತಲ್ಲೇ ನಿಂತ್ರ ಕೆಡತೈತಿ,” ಎಂದರು. “ಹೂಂ” ಎಂದೆ. ಅದರ ಮರುದಿನ ಜ್ವರ ಏರಿತು. ಡಾಕ್ಟರುಗಳು ಮಾಡುವುದೆಲ್ಲ ಮಾಡಿದರು. ನಾನು ಹೋದದ್ದು ಬಸ್ಸಿನಲ್ಲಿ ಅವರ ಭುಜಕ್ಕೆ ಒರಗಿಕೊಂಡು. ತಿರುಗಿ ಬಂದದ್ದು ಆಸ್ಪತ್ರೆಯ ಗಾಡಿಯಲ್ಲಿ, ಅವರ ಕಾಲ ಬಳಿ ಕೂತು. ದಾರಿಯುದ್ದಕ್ಕೂ ಆ ಕಾಲುಗಳನ್ನು ಹಿಡಿದುಕೊಂಡಿದ್ದೆ.

ಮಾತಾಡಿಸಲು ಬಂದವರು, “ಅವತ್ತ ಜೀಪ್ ಬಿಡಸಿದ್ರ ಉಳಿತಿದ್ನೇನೋ,” ಎಂದರು. ಕೆಟ್ಟದ್ದು ಕವಾಟ, ಜೀಪು ಅಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ನಾನು ಯಾರ ಜೊತೆಗೂ ವಾದಿಸಲಿಲ್ಲ. ವಾದಿಸಿ ಗೆದ್ದರೆ ನನ್ನವರೇನು ತಿರುಗಿ ಬರುತ್ತಿದ್ದರೇ? ಬಿಡಿಸಬೇಕೆಂದು ಮೊದಲು ಹೇಳಿದ್ದ ಅತ್ತೆಯೇ ಒಂದು ದಿನ ಹಾಗೆ ಅಂದವರ ಬಾಯಿ ಮುಚ್ಚಿಸಿದರು. “ಕಡೀತನಕ ಅಂವ ಗಂಡಸಾಗಿ ಅಡ್ಡ್ಯಾಡಿದ. ಅಷ್ಟ ಸಾಕು, ಸುಮ್ನಿರ್ರಿ,” ಎಂದರು.

ಮರುವರ್ಷ ಜೀಪು ಮಾರಿದೆವು. ನಿಂತು ನಿಂತು ನಾಲ್ಕೂ ಗಾಲಿ ನೆಲಕ್ಕಿಳಿದಿದ್ದವು. ಕೊಳ್ಳಲು ಮುದ್ದೇಬಿಹಾಳದ ಕಡೆಯ ಒಬ್ಬರು ಬಂದಿದ್ದರು. ಅವರನ್ನು ಕಳಿಸಿದ್ದ ದಲ್ಲಾಳಿ ನಮ್ಮ ಮನೆಯ ಸುದ್ದಿ ಏನೂ ಹೇಳಿರಲಿಲ್ಲ. ಅವರು ತಂದ ಬ್ಯಾಟರಿ ಹಚ್ಚಿ ಎಂಜಿನ್ ಚಾಲೂ ಮಾಡಿದೆವು. ನಾನು ಸೆರಗು ಸಿಕ್ಕಿಸಿಕೊಂಡು ಹಿಡಿಕೆ ಎಳೆದು, ಒಂದೊಂದೇ ಗಾಲಿಗೆ ಹವಾ ತುಂಬಿ ತೋರಿಸಿದೆ. ಯಾವಾಗ ಎಣ್ಣೆ ನೋಡಬೇಕು, ಪಟ್ಟಾ ಎಷ್ಟು ಬಿಗಿ ಇರಬೇಕು ಎಲ್ಲ ಹೇಳಿದೆ.

ಅವರು ಬಾನೆಟ್ ಒಳಗೆ ಬಗ್ಗಿ ನೋಡಿ, “ಭಾಳ ವಿಚಾರ ಮಾಡಿ ಕೂಡಿಸ್ಯಾರ್ರಿ,” ಎಂದರು. “ನಿಮ್ಮ ಯಜಮಾನ್ರು ಎಲ್ಲದಾರ? ನಂದು ಇನ್ನೊಂದು ಗಾಡಿ ಐತಿ, ಅವ್ರನ್ನ ಕೇಳಿ ಹಿಂಗ ಮಾಡಸ್ತೇನಿ.”

ನಾನು ಬಾಗೇವಾಡಿಯ ಗ್ಯಾರೇಜಿನ ಗುರುತು ಹೇಳಿ, ಅಲ್ಲಿ ಕೇಳಿ ಎಂದೆ. ಜೀಪು ಓಣಿಯ ತಿರುವು ದಾಟಿ ಹೋಯಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಕೇಳಿದರು.

“ಯಾಕವಾ, ಹೇಳಲಿಲ್ಲ ಅವ್ರಿಗೆ?”

“ಅವ್ರ ಬಗ್ಗೆ ಅಷ್ಟು ಚಲೋ ಮಾತಾಡಾಕತ್ತಿದ್ರು, ಅತ್ತಿ. ಇನ್ನೂ ಅದಾರ ಅಂತ ತಿಳಕೊಂಡವ್ರು ಒಬ್ರರ ಇರಲಿ,” ಎಂದೆ. ಅತ್ತೆ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಅಷ್ಟು ತಿಂಗಳಾದ ಮೇಲೆ ಅಂದು ನಾನು ಸದ್ದು ಮಾಡಿ ಅತ್ತುಬಿಟ್ಟೆ.